ಡ್ಯಾಶ್‌ಬೋರ್ಡ್ ಫಿಲ್ಟರ್ ಬದಲಿಸಿದಾಗ ಕೆಲವೊಮ್ಮೆ ಹಳೆಯ ಚಾರ್ಟೇ ಉಳಿಯುತ್ತದೆ, ಕೊನೆಯ ದಿನದ ಲೆಕ್ಕವೂ ಬರುತ್ತಿಲ್ಲ

ಕೋಷ್ಟಕ (ಪ್ರಶ್ನೆ ಕೇಳಿದವರ ಬಳಕೆದಾರ ಹೆಸರು)

ನಮಸ್ಕಾರ. ಮಾರಾಟದ ದತ್ತಾಂಶ ತೋರಿಸುವ ಒಂದು ಡ್ಯಾಶ್‌ಬೋರ್ಡ್ ಇದೆ. ಆರು ಚಾರ್ಟುಗಳು, ಮೇಲ್ಗಡೆ ಒಂದು ಫಾರ್ಮ್. ಫಾರ್ಮಿನಲ್ಲಿ ವಲಯದ ಡ್ರಾಪ್‌ಡೌನ್, ವಲಯಕ್ಕೆ ತಕ್ಕಂತೆ ತುಂಬಿಕೊಳ್ಳುವ ಶಾಖೆಯ ಡ್ರಾಪ್‌ಡೌನ್, ಯಾವ ದಿನದಿಂದ ಯಾವ ದಿನದವರೆಗೆ ಎಂಬ ಎರಡು ದಿನಾಂಕ, ಉತ್ಪನ್ನ ವರ್ಗಗಳ ಮಲ್ಟಿಸೆಲೆಕ್ಟ್, ಗ್ರಾಹಕರ ಹೆಸರು ಹುಡುಕಲು ಟೆಕ್ಸ್ಟ್ ಬಾಕ್ಸ್, ಕನಿಷ್ಠ ಮೊತ್ತಕ್ಕೆ ಸ್ಲೈಡರ್ ಇವೆ. ಫ್ರೇಮ್‌ವರ್ಕ್ ಬಳಸಿಲ್ಲ. ಸಾದಾ ಎಚ್‌ಟಿಎಂಎಲ್, ಜಾವಾಸ್ಕ್ರಿಪ್ಟ್, ಚಾರ್ಟ್ ಬರೆಯಲು ಚಾರ್ಟ್.ಜೆಎಸ್, ಹಿಂಬದಿಯ ಡೇಟಾಬೇಸ್ ಪೋಸ್ಟ್‌ಗ್ರೆಸ್. ಒಂದೊಂದು ಇನ್‌ಪುಟ್‌ಗೂ ಒಂದೊಂದು ಲಿಸನರ್ (ಬದಲಾವಣೆಯಾದಾಗ ಓಡುವ ಕೋಡು) ಹಾಕಿದೆ. ಯಾವುದು ಬದಲಾದರೂ ಆರು ಚಾರ್ಟಿಗೆ ಆರು ಫೆಚ್ (ಸರ್ವರ್‌ಗೆ ಕೋರಿಕೆ) ಹೋಗುತ್ತವೆ.

ಈಗಿರುವ ತೊಂದರೆಗಳು: ಬೇಗ ಬೇಗ ಆಯ್ಕೆ ಬದಲಿಸಿದರೆ ಫಾರ್ಮಿನಲ್ಲಿ ಒಂದು ವಲಯ, ಚಾರ್ಟಿನಲ್ಲಿ ಇನ್ನೊಂದು ವಲಯದ ಅಂಕಿ. ಹೆಸರು ಟೈಪ್ ಮಾಡುವಾಗ ಅಕ್ಷರಕ್ಕೊಂದು ಕ್ವೆರಿ (ಡೇಟಾಬೇಸಿಗೆ ಕೇಳುವ ಪ್ರಶ್ನೆ) ಓಡುತ್ತದೆ. ತಿಂಗಳ ಕೊನೆಯ ದಿನದ ಮಾರಾಟ ಬರುವುದೇ ಇಲ್ಲ. ವಲಯ ಬದಲಿಸಿದ ಮೇಲೆ ಕೆಲವೊಮ್ಮೆ ಎಲ್ಲ ಚಾರ್ಟೂ ಖಾಲಿ. ಮಾಡಿಕೊಂಡ ಆಯ್ಕೆಯನ್ನು ಲಿಂಕ್ ಮೂಲಕ ಇನ್ನೊಬ್ಬರಿಗೆ ಕಳಿಸಲೂ ಆಗುತ್ತಿಲ್ಲ. ಇವನ್ನೆಲ್ಲ ಒಂದೊಂದಾಗಿ ತೇಪೆ ಹಾಕುವ ಬದಲು ಬುಡದಿಂದ ಸರಿಯಾಗಿ ಕಟ್ಟುವ ಕ್ರಮ ಯಾವುದು?

---

ಮುಂಬಾಗಿಲು

ಹಳೆಯ ಚಾರ್ಟ್ ಉಳಿಯುವುದಕ್ಕೆ ಕಾರಣ ರೆಸ್ಪಾನ್ಸ್‌ಗಳು ಬಂದು ಸೇರುವ ಕ್ರಮ. ಮೊದಲು ‘ಎಲ್ಲ ವಲಯ’ ಆರಿಸಿ, ಅರೆ ಸೆಕೆಂಡಿನಲ್ಲಿ ‘ಪೂರ್ವ’ಕ್ಕೆ ಬದಲಿಸಿದರು ಅನ್ನಿ. ಎಲ್ಲ ವಲಯದ ಕ್ವೆರಿ ದೊಡ್ಡದು, ತಡವಾಗುತ್ತದೆ. ಪೂರ್ವದ್ದು ಬೇಗ ಬಂದು ಚಾರ್ಟ್ ಬರೆದು ಮುಗಿಸುತ್ತದೆ. ಆಮೇಲೆ ಬಂದ ಹಳೆಯ ರೆಸ್ಪಾನ್ಸ್ ಅದನ್ನು ಅಳಿಸಿ ತನ್ನದನ್ನು ಬರೆಯುತ್ತದೆ. ಆರು ಫೆಚ್ ಬೇರೆ ಬೇರೆ ಹೋಗುವುದರಿಂದ ಮೂರು ಚಾರ್ಟ್ ಹೊಸದು, ಮೂರು ಹಳೆಯದು ಆಗಿಯೂ ನಿಲ್ಲಬಹುದು. ನೋಡುವವರಿಗೆ ಸುಳಿವೇ ಸಿಗದ ತಪ್ಪು ಇದು, ಆದ್ದರಿಂದ ಮೊದಲು ಇದನ್ನೇ ಸರಿಮಾಡಿ.

ಒಂದೊಂದು ಇನ್‌ಪುಟ್‌ಗೂ ಲಿಸನರ್ ಹಾಕುವುದನ್ನು ಬಿಟ್ಟುಬಿಡಿ. ಇನ್‌ಪುಟ್ ಈವೆಂಟ್, ಚೇಂಜ್ ಈವೆಂಟ್ ಎರಡೂ ಮೇಲಕ್ಕೆ ಬಬಲ್ ಆಗುತ್ತವೆ (ಒಳಗಿನ ಇನ್‌ಪುಟ್‌ನಿಂದ ಅದನ್ನು ಸುತ್ತಿರುವ ಎಲಿಮೆಂಟಿಗೂ ತಲುಪುತ್ತವೆ), ಹಾಗಾಗಿ ಫಾರ್ಮ್ ಎಲಿಮೆಂಟಿಗೇ ಲಿಸನರ್ ಹಾಕಿದರೆ ಸಾಕು. ಅದು ಕರೆಯುವ ಫಂಕ್ಷನ್ ಒಂದೇ ಇರಲಿ, ಅದರ ಕೆಲಸದ ಕ್ರಮ ಹೀಗೆ: ಇಡೀ ಫಾರ್ಮ್ ಓದಿ ಒಂದು ಆಬ್ಜೆಕ್ಟ್ ಮಾಡು, ಅದು ಸರಿಯಿದೆಯೇ ನೋಡು, ಯುಆರ್‌ಎಲ್‌ಗೆ ಬರೆ, ಒಂದೇ ಕೋರಿಕೆ ಕಳಿಸು, ಬಂದ ಮೇಲೆ ಆರೂ ಚಾರ್ಟನ್ನು ಒಟ್ಟಿಗೆ ಬರೆ. ‘ಯಾವ ಇನ್‌ಪುಟ್ ಬದಲಾಯಿತು’ ಎಂಬ ಪ್ರಶ್ನೆಯೇ ಕೋಡಿನಲ್ಲಿ ಏಳಬಾರದು. ಶಾಖೆಯ ಪಟ್ಟಿ, ಕೋರಿಕೆ ಕಳಿಸುವ ಹೊತ್ತು, ಯುಆರ್‌ಎಲ್‌ಗೆ ಬರೆಯುವ ಬಗೆ ಇವು ಮಾತ್ರ ಇದಕ್ಕೆ ಹೊರತು, ಅವು ಕೆಳಗಿವೆ.

ಕೋರಿಕೆ ಕಳಿಸುವ ಮುಂಚೆ ಹಿಂದಿನದನ್ನು ಅಬಾರ್ಟ್‌ಕಂಟ್ರೋಲರ್‌ನಿಂದ ರದ್ದು ಮಾಡಿ. ರದ್ದಾದ ಫೆಚ್ ಅಬಾರ್ಟ್‌ಎರರ್ ಎಸೆಯುತ್ತದೆ, ಅದನ್ನು ಹಿಡಿದು ಸುಮ್ಮನಿದ್ದುಬಿಡಿ. ಇಲ್ಲದಿದ್ದರೆ ‘ದತ್ತಾಂಶ ತರಲಾಗಲಿಲ್ಲ’ ಎಂಬ ಸಂದೇಶ ಸುಮ್ಮಸುಮ್ಮನೆ ಮಿಂಚುತ್ತದೆ. ಇದರ ಜೊತೆಗೆ ಒಂದು ಕ್ರಮಸಂಖ್ಯೆಯೂ ಇರಲಿ. ಪ್ರತಿ ಕೋರಿಕೆಗೂ ಒಂದು ಹೆಚ್ಚಿಸಿ, ರೆಸ್ಪಾನ್ಸ್ ಬಂದಾಗ ಅದರ ಸಂಖ್ಯೆ ಈಗಿನದಕ್ಕೆ ಹೊಂದದಿದ್ದರೆ ಎಸೆದುಬಿಡಿ. ಮುಂದೆ ನೀವೇ ಬ್ರೌಸರಿನಲ್ಲಿ ಕ್ಯಾಶ್ (ಹಿಂದೆ ತಂದ ದತ್ತಾಂಶದ ಸಂಗ್ರಹ) ಕಟ್ಟಿಕೊಂಡಾಗ ಅಬಾರ್ಟ್ ಅದಕ್ಕೆ ತಾಗುವುದಿಲ್ಲ, ಕ್ರಮಸಂಖ್ಯೆ ತಾಗುತ್ತದೆ.

ಅಕ್ಷರಕ್ಕೊಂದು ಕ್ವೆರಿ ಹೋಗುವುದು ಇನ್‌ಪುಟ್ ಈವೆಂಟ್ ಕೇಳುತ್ತಿರುವುದರಿಂದ. ಟೆಕ್ಸ್ಟ್ ಬಾಕ್ಸ್‌ಗೆ 300 ಮಿಲಿಸೆಕೆಂಡ್ ಡಿಬೌನ್ಸ್ ಇಡಿ, ಅಂದರೆ ಕೊನೆಯ ಬದಲಾವಣೆಯಾಗಿ ಅಷ್ಟು ಹೊತ್ತು ಸುಮ್ಮನಿದ್ದ ಮೇಲೆಯೇ ಕೋರಿಕೆ ಹೋಗಲಿ. 150ಕ್ಕಿಂತ ಕಡಿಮೆಯಾದರೆ ನಿಧಾನವಾಗಿ ಟೈಪ್ ಮಾಡುವವರಿಗೆ ಅದರಿಂದ ಏನೂ ಉಳಿತಾಯವಿಲ್ಲ, 500 ದಾಟಿದರೆ ಡ್ಯಾಶ್‌ಬೋರ್ಡ್ ಕೇಳಿಸಿಕೊಳ್ಳಲಿಲ್ಲವೇನೋ ಅನ್ನಿಸುತ್ತದೆ. ಸ್ಲೈಡರ್‌ಗೆ ಎರಡೂ ಈವೆಂಟ್ ಬೇಕು: ಎಳೆಯುತ್ತಿರುವಾಗ ಬರುವ ಇನ್‌ಪುಟ್ ಈವೆಂಟಿಗೆ ಪಕ್ಕದಲ್ಲಿರುವ ಸಂಖ್ಯೆಯನ್ನಷ್ಟೇ ಬದಲಿಸಿ, ಕೈಬಿಟ್ಟಾಗ ಬರುವ ಚೇಂಜ್ ಈವೆಂಟಿಗೆ ಕೋರಿಕೆ ಕಳಿಸಿ. ಡ್ರಾಪ್‌ಡೌನ್‌ಗೂ ಸಣ್ಣದೊಂದು ಡಿಬೌನ್ಸ್ ಇರುವುದು ಒಳ್ಳೆಯದು, ಏಕೆಂದರೆ ಮುಚ್ಚಿದ ಪಟ್ಟಿಯ ಮೇಲೆ ಬಾಣದ ಕೀಲಿ ಒತ್ತಿದರೆ ಕೆಲವು ಬ್ರೌಸರುಗಳಲ್ಲಿ ಹೆಜ್ಜೆಹೆಜ್ಜೆಗೂ ಚೇಂಜ್ ಬರುತ್ತದೆ.

ವಲಯ ಬದಲಿಸಿದಾಗ ಎಲ್ಲ ಖಾಲಿಯಾಗುವುದು ಶಾಖೆಯ ಹಳೆಯ ಬೆಲೆ (ವ್ಯಾಲ್ಯೂ, ಅಂದರೆ ಆರಿಸಿದ್ದು) ಉಳಿದುಬಿಡುವುದರಿಂದ. ಪೂರ್ವ ವಲಯ ಮತ್ತು ಪಶ್ಚಿಮದ ಶಾಖೆ ಎಂದು ಕೇಳಿದರೆ ಯಾವ ಸಾಲೂ ಸಿಗುವುದಿಲ್ಲ. ಇಲ್ಲಿ ತಿಳಿದಿರಬೇಕಾದ ಎರಡು ಸಂಗತಿ ಇವೆ. ಕೋಡಿನಿಂದ ಸೆಲೆಕ್ಟ್‌ನ ಬೆಲೆ ಬದಲಿಸಿದರೆ ಚೇಂಜ್ ಈವೆಂಟ್ ಬರುವುದಿಲ್ಲ. ಪಟ್ಟಿಯಲ್ಲಿ ಇಲ್ಲದ ಬೆಲೆ ಇಟ್ಟರೆ ದೋಷವೂ ಬರುವುದಿಲ್ಲ, ಆಯ್ಕೆ ಸದ್ದಿಲ್ಲದೆ ಖಾಲಿಯಾಗುತ್ತದೆ. ಆದ್ದರಿಂದ ವಲಯ ಬದಲಾದಾಗ ಶಾಖೆಯ ಪಟ್ಟಿ ತುಂಬುವುದು ಮುಗಿಯಲಿ, ಹಳೆಯ ಶಾಖೆ ಹೊಸ ಪಟ್ಟಿಯಲ್ಲಿದ್ದರೆ ಉಳಿಸಿ, ಇಲ್ಲದಿದ್ದರೆ ‘ಎಲ್ಲ’ಕ್ಕೆ ತನ್ನಿ, ಅದಾದ ಮೇಲೆ ಒಂದೇ ಒಂದು ಕೋರಿಕೆ ಹೋಗಲಿ. ನಡುವಿನ ಅರೆಬೆಂದ ಸ್ಟೇಟ್‌ಗೆ (ಆಯ್ಕೆಗಳ ಸ್ಥಿತಿಗೆ) ಕ್ವೆರಿ ಓಡಬಾರದು. ಪಟ್ಟಿ ತುಂಬುವಷ್ಟು ಹೊತ್ತು ಶಾಖೆಯನ್ನು ಡಿಸೇಬಲ್ ಮಾಡುತ್ತೀರಾದರೆ ನೆನಪಿರಲಿ, ಡಿಸೇಬಲ್ ಆದ ಇನ್‌ಪುಟ್ ಫಾರ್ಮ್‌ಡೇಟಾದಲ್ಲಿ (ಫಾರ್ಮಿನ ಬೆಲೆಗಳನ್ನು ಒಟ್ಟಿಗೆ ಓದಿಕೊಡುವ ಬ್ರೌಸರ್ ಆಬ್ಜೆಕ್ಟ್) ಇರುವುದಿಲ್ಲ.

ಫಾರ್ಮ್‌ಡೇಟಾ ಓದುವಾಗ ಇನ್ನೂ ಕೆಲವು: ನೇಮ್ ಆಟ್ರಿಬ್ಯೂಟ್ ಇಲ್ಲದ್ದು ಬರುವುದಿಲ್ಲ, ಟಿಕ್ ಮಾಡದ ಚೆಕ್‌ಬಾಕ್ಸ್ ಬರುವುದಿಲ್ಲ. ಮಲ್ಟಿಸೆಲೆಕ್ಟ್‌ಗೆ ಗೆಟ್ ಸಾಲದು, ಗೆಟ್‌ಆಲ್ ಬೇಕು. ಇಡೀ ಫಾರ್ಮ್‌ಡೇಟಾವನ್ನು ಆಬ್ಜೆಕ್ಟ್.ಫ್ರಮ್‌ಎಂಟ್ರೀಸ್‌ಗೆ ಕೊಟ್ಟರೆ ಆರಿಸಿದ ವರ್ಗಗಳಲ್ಲಿ ಕೊನೆಯದು ಮಾತ್ರ ಉಳಿಯುತ್ತದೆ. ಎಲ್ಲವೂ ಸ್ಟ್ರಿಂಗ್ (ಬರೀ ಅಕ್ಷರಗಳ ಸಾಲು) ಆಗಿ ಬರುವುದರಿಂದ ಸ್ಲೈಡರಿನ ಬೆಲೆಯನ್ನು ಸಂಖ್ಯೆ ಮಾಡಿಕೊಂಡು ಹೋಲಿಸಿ. ಸ್ಟ್ರಿಂಗ್ ಆಗಿ ಹೋಲಿಸಿದರೆ 900 ದೊಡ್ಡದು, 1000 ಚಿಕ್ಕದು. ಟೆಕ್ಸ್ಟ್ ಬಾಕ್ಸ್‌ನಲ್ಲಿ ಎಂಟರ್ ಒತ್ತಿದರೆ ಫಾರ್ಮ್ ಸಬ್ಮಿಟ್ ಆಗಿ ಪುಟವೇ ರೀಲೋಡ್ ಆಗಬಹುದು, ಸಬ್ಮಿಟ್ ಈವೆಂಟನ್ನು ಪ್ರಿವೆಂಟ್‌ಡಿಫಾಲ್ಟ್‌ನಿಂದ ತಡೆಯಿರಿ.

ಲಿಂಕಿನ ವಿಷಯ. ಆಯ್ಕೆಗಳನ್ನು ಯುಆರ್‌ಎಲ್‌ನ ಕ್ವೆರಿ ಭಾಗದಲ್ಲಿ ಬರೆದಿಡಿ. ಪುಟ ತೆರೆದಾಗ ಮೊದಲು ಯುಆರ್‌ಎಲ್ ಓದಿ ಫಾರ್ಮ್ ತುಂಬಿ, ನಂತರವೇ ಮೊದಲ ಕೋರಿಕೆ ಕಳಿಸಿ. ಡ್ರಾಪ್‌ಡೌನ್, ದಿನಾಂಕಗಳಿಗೆ ಪುಶ್‌ಸ್ಟೇಟ್ (ಬ್ರೌಸರಿನ ಇತಿಹಾಸಕ್ಕೆ ಹೊಸ ನಮೂದು ಸೇರಿಸುವುದು) ಬಳಸಿದರೆ ಬ್ಯಾಕ್ ಬಟನ್ ಹಿಂದಿನ ಆಯ್ಕೆಗೆ ಕರೆದೊಯ್ಯುತ್ತದೆ. ಆಗ ಬರುವ ಪಾಪ್‌ಸ್ಟೇಟ್ ಈವೆಂಟಿನಲ್ಲಿ ಫಾರ್ಮನ್ನು ಮತ್ತೆ ತುಂಬಬೇಕು. ಟೈಪಿಂಗ್ ಮತ್ತು ಸ್ಲೈಡರಿಗೆ ರಿಪ್ಲೇಸ್‌ಸ್ಟೇಟ್ (ಈಗಿನ ನಮೂದನ್ನೇ ಬದಲಿಸುವುದು) ಸಾಕು, ಅದನ್ನೂ ಡಿಬೌನ್ಸ್ ಆದ ಮೇಲೆಯೇ ಕರೆಯಿರಿ. ಕಡಿಮೆ ಅವಧಿಯಲ್ಲಿ ಅತಿ ಹೆಚ್ಚು ಸಲ ಕರೆದರೆ ಬ್ರೌಸರ್ ತಡೆಯುವುದುಂಟು. ‘ಕಳೆದ 7 ದಿನ’ ಎಂಬ ಆಯ್ಕೆಯಿದ್ದರೆ ಅದನ್ನು ಹಾಗೆಯೇ ಬರೆದಿಡಿ. ದಿನಾಂಕವಾಗಿ ಬಿಡಿಸಿ ಬರೆದರೆ ಬುಕ್‌ಮಾರ್ಕ್ ಮಾಡಿಕೊಂಡವರಿಗೆ ಯಾವಾಗಲೂ ಅದೇ ಹಳೆಯ ವಾರ ಕಾಣುತ್ತದೆ. ಫೈರ್‌ಫಾಕ್ಸ್ ರೀಲೋಡ್ ಆದಾಗ ಹಿಂದೆ ತುಂಬಿದ್ದನ್ನು ತಾನೇ ಮರಳಿ ಇಡುತ್ತದೆ, ಅದು ಯುಆರ್‌ಎಲ್ ಜೊತೆ ಜಗಳಕ್ಕೆ ಬರದಂತೆ ಫಾರ್ಮಿನ ಆಟೋಕಂಪ್ಲೀಟ್ ಆಫ್ ಮಾಡಿ.

---

ಸಾಲುಕಂಬ

ಮುಂಬಾಗಿಲು ಅವರು ಬ್ರೌಸರ್ ಕಡೆಯದನ್ನು ಪೂರ್ತಿ ಹೇಳಿದ್ದಾರೆ. ನಾನು ಕ್ವೆರಿ ಕಡೆಯದನ್ನು ಹೇಳ್ತೀನಿ.

ಕೊನೆಯ ದಿನ ಬಿಟ್ಟುಹೋಗೋದು ಬಿಟ್ವೀನ್‌ನಿಂದ (ಇದರಿಂದ ಇದರವರೆಗೆ ಅನ್ನೋ ಷರತ್ತು). ನಿಮ್ಮ ಕಾಲಂ ಟೈಮ್‌ಸ್ಟ್ಯಾಂಪ್ (ದಿನಾಂಕದ ಜೊತೆ ವೇಳೆಯೂ ಇರೋದು) ಆಗಿರುತ್ತೆ. ‘31ರವರೆಗೆ’ ಅಂತ ಬರೀ ದಿನಾಂಕ ಕೊಟ್ಟರೆ ಪೋಸ್ಟ್‌ಗ್ರೆಸ್ ಅದನ್ನ 31ರ ಮಧ್ಯರಾತ್ರಿ 00:00 ಅಂತ ತಗೊಳ್ಳುತ್ತೆ, ಅಂದರೆ ಆ ದಿನ ಶುರುವಾಗೋ ಕ್ಷಣ. ಆಮೇಲಿನ ಅಷ್ಟೂ ಮಾರಾಟ ಹೊರಗೆ. 23:59:59 ಸೇರಿಸೋ ದಾರಿ ಹಿಡೀಬೇಡಿ, ಕೊನೆಯ ಸೆಕೆಂಡಿನೊಳಗಿನ ಭಾಗ ಆಗಲೂ ತಪ್ಪುತ್ತೆ. ಶುರುವಿನ ದಿನಕ್ಕೆ ಸಮ ಅಥವಾ ಹೆಚ್ಚು, ಕೊನೆಯ ದಿನಕ್ಕೆ ಒಂದು ದಿನ ಕೂಡಿಸಿ ಅದಕ್ಕಿಂತ ಕಡಿಮೆ — ಈ ಎರಡು ಷರತ್ತು ಬರೆದರೆ ಮುಗೀತು. ಕಾಲಂ ಮೇಲೆ ಡೇಟ್ ಫಂಕ್ಷನ್ ಹಾಕಿದರೂ ಲೆಕ್ಕ ಸರಿ ಬರುತ್ತೆ, ಆದರೆ ಆ ಕಾಲಂನ ಮಾಮೂಲಿ ಇಂಡೆಕ್ಸ್ (ಬೇಗ ಹುಡುಕೋಕೆ ಇಟ್ಟ ಸೂಚಿ) ಕೆಲಸಕ್ಕೆ ಬರಲ್ಲ.

ದಿನಾಂಕ ಬ್ರೌಸರಿನಿಂದ ಬರುವಾಗ ಇನ್ನೊಂದು ತೊಡಕು ಇದೆ. ಡೇಟ್ ಇನ್‌ಪುಟ್ ಕೊಡೋದು 2024-03-01 ಥರದ ಸ್ಟ್ರಿಂಗ್. ಅದನ್ನ ಜಾವಾಸ್ಕ್ರಿಪ್ಟ್‌ನ ಡೇಟ್ ಆಬ್ಜೆಕ್ಟ್ ಮಾಡಿದರೆ ಯುಟಿಸಿ (ವಿಶ್ವ ಪ್ರಮಾಣಿತ ಸಮಯ) ಮಧ್ಯರಾತ್ರಿ ಅಂತ ಓದಿಕೊಳ್ಳುತ್ತೆ. ಯುಟಿಸಿಗಿಂತ ಹಿಂದಿರೋ ಸಮಯ ವಲಯದಲ್ಲಿ ಕೂತವರಿಗೆ ಫೆಬ್ರವರಿ 29 ಅಂತ ತೋರಿಸುತ್ತೆ. ಹಾಗಾಗಿ ಸ್ಟ್ರಿಂಗನ್ನ ಹಾಗೇ ಸರ್ವರ್‌ಗೆ ಕಳಿಸಿ, ಯಾವ ಸಮಯ ವಲಯದ ‘ದಿನ’ ಅನ್ನೋದನ್ನ ಸರ್ವರಿನಲ್ಲಿ ಒಂದೇ ಕಡೆ ತೀರ್ಮಾನ ಮಾಡಿ. ಚಾರ್ಟಿಗೆ ದಿನವಾರು ಗುಂಪು ಮಾಡುವಾಗಲೂ ಅದೇ ಸಮಯ ವಲಯ ಬಳಸಿ. ಫಿಲ್ಟರಿಗೆ ಒಂದು, ಗುಂಪಿಗೆ ಇನ್ನೊಂದು ಆದರೆ ಚಾರ್ಟಿನ ಎರಡು ತುದಿಯ ಕಂಬಗಳು ಅರ್ಧಂಬರ್ಧ ಬರ್ತವೆ.

ಫಾರ್ಮಿನಿಂದ ಬಂದ ಬೆಲೆಗಳನ್ನ ಡೇಟಾಬೇಸ್ ಕ್ವೆರಿಯ ಪಠ್ಯಕ್ಕೆ ಅಂಟಿಸಲೇಬೇಡಿ, ಪ್ಯಾರಾಮೀಟರ್ ಆಗಿ (ಆ ಪಠ್ಯದಿಂದ ಬೇರೆಯಾಗಿ) ಕೊಡಿ. ಡ್ರಾಪ್‌ಡೌನ್‌ನಿಂದ ಬಂದಿದ್ದು ಸುರಕ್ಷಿತ ಅಂದುಕೊಳ್ಳೋಕೆ ಆಗಲ್ಲ, ಯುಆರ್‌ಎಲ್‌ನಲ್ಲಿ ಯಾರು ಏನು ಬೇಕಾದರೂ ಬರೀಬಹುದು. ಯಾವ ಕಾಲಂ ಪ್ರಕಾರ ವಿಂಗಡಿಸಬೇಕು ಅನ್ನೋ ಆಯ್ಕೆ ಕೊಟ್ಟರೆ ಕಾಲಂ ಹೆಸರನ್ನ ಪ್ಯಾರಾಮೀಟರ್ ಮಾಡೋಕೆ ಬರಲ್ಲ. ಅದಕ್ಕೆ ಸರ್ವರಿನಲ್ಲಿ ಒಪ್ಪಿತ ಹೆಸರುಗಳ ಪಟ್ಟಿ ಇಟ್ಟು, ಬಂದ ಕೀಲಿಗೆ ಅಲ್ಲಿಂದ ಹೆಸರು ಎತ್ತಿಕೊಳ್ಳಿ.

ಮಲ್ಟಿಸೆಲೆಕ್ಟ್‌ನಲ್ಲಿ ಏನೂ ಆರಿಸದಿದ್ದರೆ ಖಾಲಿ ಇನ್ (IN) ಪಟ್ಟಿ ಆಗಿ ಪೋಸ್ಟ್‌ಗ್ರೆಸ್ ಸಿಂಟ್ಯಾಕ್ಸ್ ದೋಷ ಕೊಡುತ್ತೆ. ಅರೇ (ಪಟ್ಟಿ) ಪ್ಯಾರಾಮೀಟರ್ ಮತ್ತು ಎನಿ (ANY) ಬಳಸಿದರೆ ದೋಷ ಬರಲ್ಲ, ಆದರೆ ಖಾಲಿ ಅರೇಗೆ ಒಂದೂ ಸಾಲು ಸಿಗಲ್ಲ. ಖಾಲಿ ಅಂದರೆ ‘ಎಲ್ಲ’ನೋ ‘ಯಾವುದೂ ಬೇಡ’ನೋ ಅನ್ನೋದನ್ನ ನೀವೇ ನಿರ್ಧರಿಸಿ. ಫಿಲ್ಟರಿಗೆ ‘ಎಲ್ಲ’ ಅನ್ನೋದೇ ಬಳಸುವವರ ನಿರೀಕ್ಷೆ ಅಂತ ನನ್ನ ಅಭಿಪ್ರಾಯ. ‘ಎಲ್ಲ’ ಬಂದಾಗ ಆ ಷರತ್ತನ್ನೇ ಕ್ವೆರಿಯಿಂದ ಬಿಟ್ಟುಬಿಡಿ. ಪ್ಯಾರಾಮೀಟರ್ ನಲ್ (ಏನೂ ನಮೂದಾಗಿಲ್ಲದ್ದು) ಆಗಿರಲಿ ಅಥವಾ ಕಾಲಂ ಅದಕ್ಕೆ ಸಮವಿರಲಿ ಅಂತ ಬರೆಯೋ ರೂಢಿ ಇದೆ. ಸಣ್ಣ ಟೇಬಲಿಗೆ ನಡೆಯುತ್ತೆ, ದೊಡ್ಡದರಲ್ಲಿ ಪ್ಲಾನರ್ (ಕ್ವೆರಿ ಓಡಿಸೋ ದಾರಿ ಆರಿಸೋ ಭಾಗ) ಎಲ್ಲ ಸಂದರ್ಭಕ್ಕೂ ಒಂದೇ ಸಾಮಾನ್ಯ ಪ್ಲಾನ್ ಹಿಡಿದು ಇಂಡೆಕ್ಸ್ ಬಿಟ್ಟುಬಿಡಬಹುದು.

ಹೆಸರಿನ ಹುಡುಕಾಟ: ಹೆಸರಿನ ಯಾವ ಭಾಗವಾದರೂ ಹೊಂದಲಿ ಅಂತ ಎರಡೂ ಕಡೆ ಶೇಕಡಾ ಚಿಹ್ನೆ ಹಾಕಿದ ಐಲೈಕ್‌ಗೆ (ILIKE) ಮಾಮೂಲಿ ಬಿ-ಟ್ರೀ ಇಂಡೆಕ್ಸ್ ಉಪಯೋಗ ಇಲ್ಲ. ಪಿಜಿ ಟ್ರೈಗ್ರಾಮ್ ಎಕ್ಸ್‌ಟೆನ್ಷನ್ ಹಾಕಿ ಜಿನ್ ಇಂಡೆಕ್ಸ್ ಮಾಡಿ. ಅದು ಮೂರು ಮೂರು ಅಕ್ಷರದ ತುಂಡುಗಳ ಮೇಲೆ ನಿಂತಿರೋದ್ರಿಂದ ಮೂರಕ್ಕಿಂತ ಕಡಿಮೆ ಅಕ್ಷರಕ್ಕೆ ಹುಡುಕಾಟ ಕಳಿಸಲೇಬೇಡಿ. ಟೈಪ್ ಮಾಡಿದ್ದರಲ್ಲಿ ಶೇಕಡಾ ಚಿಹ್ನೆಯೋ ಅಂಡರ್‌ಸ್ಕೋರೋ ಇದ್ದರೆ ಎಸ್ಕೇಪ್ ಮಾಡಿ, ಅಂದರೆ ಅದು ಸಾದಾ ಅಕ್ಷರ ಅಂತಲೇ ಓದುವ ಹಾಗೆ ಮಾಡಿ.

ಅಬಾರ್ಟ್ ಮಾಡಿದರೆ ಬ್ರೌಸರ್ ಕಾಯೋದು ನಿಲ್ಲುತ್ತೆ ಅಷ್ಟೇ, ಡೇಟಾಬೇಸಿನಲ್ಲಿ ಕ್ವೆರಿ ಓಡ್ತಾನೇ ಇರಬಹುದು. ಡ್ಯಾಶ್‌ಬೋರ್ಡ್ ಬಳಸೋ ರೋಲ್‌ಗೆ (ಡೇಟಾಬೇಸ್ ಖಾತೆಗೆ) ಸ್ಟೇಟ್‌ಮೆಂಟ್ ಟೈಮ್‌ಔಟ್ (ಒಂದು ಕ್ವೆರಿ ಓಡಬಹುದಾದ ಗರಿಷ್ಠ ಹೊತ್ತು) 10 ಸೆಕೆಂಡೋ 15 ಸೆಕೆಂಡೋ ಇಡಿ.

---

ಕೋಷ್ಟಕ

ಇಬ್ಬರಿಗೂ ಧನ್ಯವಾದ. ಒಂದೇ ಫಂಕ್ಷನ್, ಕ್ರಮಸಂಖ್ಯೆ, ದಿನಾಂಕದ ಎರಡು ಷರತ್ತು ಹಾಕಿದ ಮೇಲೆ ಮೊದಲ ನಾಲ್ಕು ತೊಂದರೆ ಹೋದವು. ಇನ್ನೊಂದು ಈಗ ಕಾಣುತ್ತಿದೆ: ಶಾಖೆಗೆ ‘ಎಲ್ಲ’ ಆರಿಸಿದಾಗ ಬರುವ ಮೊತ್ತ ಫಿಲ್ಟರೇ ಇಲ್ಲದ ವರದಿಗಿಂತ ಸ್ವಲ್ಪ ಕಡಿಮೆ. ‘ಎಲ್ಲ’ಕ್ಕೆ ಶೇಕಡಾ ಚಿಹ್ನೆಯನ್ನು ಬೆಲೆಯಾಗಿಟ್ಟು ಲೈಕ್ ಬಳಸಿದ್ದೇನೆ. ಜೊತೆಗೆ, ದಿನವಾರು ‘ಎಷ್ಟು ಬೇರೆ ಬೇರೆ ಗ್ರಾಹಕರು’ ಎಂಬ ಅಂಕಿಯನ್ನು ಬ್ರೌಸರಿನಲ್ಲಿ ಕೂಡಿಸಿದರೆ ವಾರದ ಮೊತ್ತ ತೀರಾ ಹೆಚ್ಚು ಬರುತ್ತಿದೆ.

---

ಸಾಲುಕಂಬ

ಶಾಖೆಯ ಕಾಲಂನಲ್ಲಿ ನಲ್ ಇರೋ ಸಾಲುಗಳು ಇರಬೇಕು. ನಲ್ ಯಾವ ಲೈಕ್‌ಗೂ ಹೊಂದಲ್ಲ, ಬರೀ ಶೇಕಡಾ ಚಿಹ್ನೆಗೂ ಕೂಡ. ಶಾಖೆ ದಾಖಲಾಗದ ಮಾರಾಟ ಎಲ್ಲ ಹೀಗೆ ಬಿದ್ದುಹೋಗುತ್ತೆ. ಷರತ್ತನ್ನೇ ತೆಗೀಬೇಕು ಅಂದಿದ್ದು ಇದಕ್ಕೂ ಸೇರಿ. ಸಾಧ್ಯವಾದರೆ ಡ್ರಾಪ್‌ಡೌನ್‌ನಲ್ಲಿ ‘ನಮೂದಾಗಿಲ್ಲ’ ಅಂತ ಒಂದು ಆಯ್ಕೆಯನ್ನೇ ಕೊಡಿ, ಅದಕ್ಕೆ ಈಸ್ ನಲ್ ಷರತ್ತು. ಆಗ ಬಿಡಿ ಶಾಖೆಗಳನ್ನ ಒಂದೊಂದಾಗಿ ಕೂಡಿದರೂ ಮೊತ್ತಕ್ಕೆ ತಾಳೆಯಾಗುತ್ತೆ.

ಬೇರೆ ಬೇರೆ ಗ್ರಾಹಕರ ಎಣಿಕೆಯನ್ನ ದಿನದಿಂದ ವಾರಕ್ಕೆ ಕೂಡೋಕೆ ಬರಲ್ಲ. ಸೋಮವಾರವೂ ಗುರುವಾರವೂ ಬಂದ ಗ್ರಾಹಕ ಎರಡು ಸಲ ಎಣಿಕೆಯಾಗ್ತಾನೆ. ಸರಾಸರಿ, ಮೀಡಿಯನ್‌ಗಳದ್ದೂ ಇದೇ ಕಥೆ. ಸರಾಸರಿಗೆ ದಾರಿ ಇದೆ: ಮೊತ್ತ ಮತ್ತು ಎಣಿಕೆ ಎರಡನ್ನೂ ಕಳಿಸಿ, ಕೂಡಿದ ಮೇಲೆ ಭಾಗಿಸಿ. ಮಿಕ್ಕ ಎರಡನ್ನ ಪ್ರತಿ ಆಯ್ಕೆಗೂ ಸರ್ವರಿನಲ್ಲೇ ಲೆಕ್ಕ ಹಾಕಿಸಿ.

---

ಒಂದೆಳೆ

ಇಷ್ಟೆಲ್ಲ ಹೇಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ಪ್ರತಿ ಬದಲಾವಣೆಗೂ ಕ್ವೆರಿ ಓಡಲೇಬೇಕೇ? ನನ್ನ ಲೆಕ್ಕಾಚಾರ ಹೀಗೆ. ಉತ್ತರ ಒಂದು ಸೆಕೆಂಡಿನೊಳಗೆ ಬರುವಂತಿದ್ದರೆ ಕೂಡಲೇ ಬದಲಾಗಲಿ. ಆಗಲೇ ‘ಹೀಗಿದ್ದರೆ ಹೇಗೆ’ ಎಂದು ಜನ ಆಡಿ ನೋಡುತ್ತಾರೆ. ಮೂರು ನಾಲ್ಕು ಸೆಕೆಂಡು ಹಿಡಿದರೆ ‘ಅನ್ವಯಿಸು’ ಬಟನ್ ಇಡಿ. ನಾಲ್ಕು ಇನ್‌ಪುಟ್ ಬದಲಿಸಬೇಕೆಂದು ಬಂದವರನ್ನು ನಾಲ್ಕು ಸಲ ಕಾಯಿಸುವುದು ಸರಿಯಲ್ಲ. ಬಟನ್ ಇಟ್ಟರೆ, ಫಾರ್ಮ್ ಬದಲಾಗಿಯೂ ಇನ್ನೂ ಅನ್ವಯಿಸಿಲ್ಲ ಎಂಬುದು ಕಣ್ಣಿಗೆ ಬೀಳಬೇಕು, ಮತ್ತು ಈಗ ಕಾಣುತ್ತಿರುವ ಚಾರ್ಟ್ ಯಾವ ಆಯ್ಕೆಯದು ಎಂದು ಚಾರ್ಟಿನ ಮೇಲೆಯೇ ಒಂದು ಸಾಲಿನಲ್ಲಿ ಬರೆದಿರಬೇಕು. ಸ್ಕ್ರೀನ್‌ಶಾಟ್ ತೆಗೆದು ಕಳಿಸುವವರಿಗೆ ಆ ಸಾಲೇ ಆಧಾರ.

ಸ್ಟ್ರೀಮ್‌ಲಿಟ್, ಶೈನಿ, ಗ್ರಾಫಾನಾದಂಥ ಡ್ಯಾಶ್‌ಬೋರ್ಡ್ ಕಟ್ಟುವ ಸಿದ್ಧ ಉಪಕರಣ ಬಳಸುವವರು ಈ ಎಳೆ ಓದುತ್ತಿದ್ದರೆ: ಸ್ಟ್ರೀಮ್‌ಲಿಟ್‌ನಲ್ಲಿ ಯಾವ ವಿಜೆಟ್ ಮುಟ್ಟಿದರೂ ಸ್ಕ್ರಿಪ್ಟ್ ಮೇಲಿಂದ ಕೆಳಗಿನವರೆಗೆ ಮತ್ತೆ ಓಡುತ್ತದೆ. ಕ್ವೆರಿಯನ್ನು ಕ್ಯಾಶ್ ಡೇಟಾ ಡೆಕೊರೇಟರ್ ಒಳಗಿಡಿ, ಹಲವು ವಿಜೆಟ್‌ಗಳನ್ನು ಸ್ಟ್ರೀಮ್‌ಲಿಟ್‌ನ ಫಾರ್ಮ್ ಒಳಗಿಟ್ಟರೆ ಸಬ್ಮಿಟ್ ಒತ್ತುವವರೆಗೆ ಓಡುವುದಿಲ್ಲ. ಆದರೆ ಒಂದಕ್ಕೊಂದು ಅವಲಂಬಿಸಿದ ವಲಯ–ಶಾಖೆಯಂಥವು ಆ ಫಾರ್ಮ್ ಒಳಗೆ ಕೆಲಸ ಮಾಡುವುದಿಲ್ಲ, ವಲಯವನ್ನು ಹೊರಗಿಡಬೇಕು. ಶೈನಿಯಲ್ಲಿ ಡಿಬೌನ್ಸ್ ಫಂಕ್ಷನ್ ಸಿದ್ಧವಿದೆ. ಅವಲಂಬಿತ ಪಟ್ಟಿ ಬದಲಿಸುವ ಮುಂಚೆ ಫ್ರೀಜ್‌ರಿಯಾಕ್ಟಿವ್‌ವ್ಯಾಲ್ಯೂ ಕರೆದರೆ ನಡುವಿನ ತಪ್ಪು ಸ್ಟೇಟ್‌ಗೆ ಚಾರ್ಟ್ ಬರೆಯುವುದು ತಪ್ಪುತ್ತದೆ. ಗ್ರಾಫಾನಾದಲ್ಲಿ ಬಹು ಆಯ್ಕೆಯ ವೇರಿಯೇಬಲ್ ಬಳಸಿದರೆ ಕ್ವೆರಿಯಲ್ಲಿ ಸಮ ಚಿಹ್ನೆ ಇರಬಾರದು, ಇನ್ ಇರಬೇಕು. ಒಂದೇ ಬೆಲೆ ಆರಿಸಿದಾಗ ಸಮ ಚಿಹ್ನೆಯೂ ನಡೆಯುವುದರಿಂದ ಈ ತಪ್ಪು ಪರೀಕ್ಷೆಯಲ್ಲಿ ಸಿಕ್ಕಿಬೀಳುವುದಿಲ್ಲ.

---

ಬಣ್ಣದಪಟ್ಟಿ

ಚಾರ್ಟ್ ಕಡೆಯ ಕೆಲವು ಮಾತು ಸೇರಿಸುತ್ತೇನೆ, ಫಿಲ್ಟರ್ ಬಂದ ಮೇಲೆಯೇ ಹುಟ್ಟುವ ತೊಂದರೆಗಳಿವು.

ಬಣ್ಣವನ್ನು ವರ್ಗದ ಹೆಸರಿಗೆ ಕಟ್ಟಿ, ಕ್ರಮಾಂಕಕ್ಕೆ ಕಟ್ಟಬೇಡಿ. ಕ್ರಮಾಂಕಕ್ಕೆ ಕಟ್ಟಿದ್ದರೆ ಒಂದು ವರ್ಗ ತೆಗೆದ ಕೂಡಲೇ ಮಿಕ್ಕವೆಲ್ಲ ಬಣ್ಣ ಬದಲಿಸಿಕೊಳ್ಳುತ್ತವೆ, ನೀಲಿಯನ್ನು ನೆನಪಿಟ್ಟುಕೊಂಡವರು ಬೇರೆ ವರ್ಗದ ಗೆರೆ ಓದುತ್ತಾರೆ. ಲಂಬ ಅಕ್ಷದ ಅಳತೆ ಪ್ರತಿ ಆಯ್ಕೆಗೂ ತಾನೇ ಹಿಗ್ಗಿ ಕುಗ್ಗಿದರೆ ಎರಡು ವಲಯಗಳು ಒಂದೇ ಎತ್ತರ ಕಾಣುತ್ತವೆ. ಹೋಲಿಕೆಯೇ ಉದ್ದೇಶವಾದರೆ ಅಳತೆ ಸ್ಥಿರವಾಗಿರಲಿ.

ಮಾರಾಟವೇ ಆಗದ ದಿನಕ್ಕೆ ಗುಂಪು ಮಾಡಿದ ಕ್ವೆರಿಯಲ್ಲಿ ಸಾಲೇ ಇರುವುದಿಲ್ಲ. ಗೆರೆಯ ಚಾರ್ಟ್ ಆ ದಿನವನ್ನು ಹಾರಿ ಎರಡು ಬಿಂದು ಜೋಡಿಸುತ್ತದೆ, ಇಳಿಕೆ ಕಾಣುವುದೇ ಇಲ್ಲ. ಪೋಸ್ಟ್‌ಗ್ರೆಸ್‌ನ ಜನರೇಟ್ ಸೀರೀಸ್‌ನಿಂದ ದಿನಗಳ ಪಟ್ಟಿ ಮಾಡಿ ಅದಕ್ಕೆ ಲೆಫ್ಟ್ ಜಾಯಿನ್ (ಮಾರಾಟವಿಲ್ಲದ ದಿನವನ್ನೂ ಉಳಿಸುವ ಜೋಡಣೆ) ಮಾಡಿ. ವಲಯ, ಶಾಖೆಯ ಷರತ್ತುಗಳನ್ನು ಜಾಯಿನ್‌ನ ಆನ್ ಭಾಗದಲ್ಲಿ ಬರೆಯಿರಿ. ವೇರ್ (WHERE) ಭಾಗದಲ್ಲಿ ಬರೆದರೆ ತುಂಬಿಸಿದ ಖಾಲಿ ದಿನಗಳು ಮತ್ತೆ ಉದುರಿಹೋಗುತ್ತವೆ.

ಹೊಸ ದತ್ತಾಂಶ ಬರುವವರೆಗೆ ಚಾರ್ಟ್ ಅಳಿಸಬೇಡಿ, ಮಸುಕು ಮಾಡಿ. ಅಳಿಸಿದರೆ ಪುಟ ಕುಣಿಯುತ್ತದೆ, ಮುಂಚೆ ಏನಿತ್ತು ಎಂದು ಹೋಲಿಸಲೂ ಆಗುವುದಿಲ್ಲ. ಚಾರ್ಟ್.ಜೆಎಸ್‌ನಲ್ಲಿ ಡೇಟಾ ಬದಲಿಸಿ ಅಪ್‌ಡೇಟ್ ಕರೆಯುವುದು ಸರಿಯಾದ ದಾರಿ. ಹಳೆಯದನ್ನು ಡೆಸ್ಟ್ರಾಯ್ ಮಾಡದೆ ಅದೇ ಕ್ಯಾನ್ವಾಸಿಗೆ (ಚಾರ್ಟನ್ನು ಚಿತ್ರವಾಗಿ ಬರೆಯುವ ಎಲಿಮೆಂಟಿಗೆ) ಹೊಸ ಚಾರ್ಟ್ ಮಾಡಿದರೆ ಕ್ಯಾನ್ವಾಸ್ ಈಗಾಗಲೇ ಬಳಕೆಯಲ್ಲಿದೆ ಎಂಬ ದೋಷ ಬರುತ್ತದೆ. ಒಂದೂ ಸಾಲು ಸಿಗದಿದ್ದರೆ ಖಾಲಿ ಚೌಕಟ್ಟು ಬಿಡದೆ ‘ಈ ಆಯ್ಕೆಗೆ ದಾಖಲೆ ಇಲ್ಲ’ ಎಂದು ಬರೆಯಿರಿ.

ಸ್ಲೈಡರಿನಲ್ಲಿ ಮಿನ್ 1, ಮ್ಯಾಕ್ಸ್ 100, ಸ್ಟೆಪ್ 10 ಇಟ್ಟರೆ 100 ತಲುಪುವುದೇ ಇಲ್ಲ, 91ಕ್ಕೆ ನಿಲ್ಲುತ್ತದೆ. ಹೆಜ್ಜೆಗಳ ಎಣಿಕೆ ಮಿನ್‌ನಿಂದ ಶುರು. ಮಿನ್ 0 ಮಾಡಿ. ನಿಖರ ಮೊತ್ತ ಬೇಕಾದವರಿಗೆ ಪಕ್ಕದಲ್ಲೇ ನಂಬರ್ ಇನ್‌ಪುಟ್ ಕೊಡಿ. ಕಂಟ್ರೋಲ್ ಒತ್ತಿ ಹಿಡಿದು ಆರಿಸುವ ಮಲ್ಟಿಸೆಲೆಕ್ಟ್ ಹೆಚ್ಚಿನವರಿಗೆ ತಿಳಿಯುವುದಿಲ್ಲ. ಹತ್ತರವರೆಗಿನ ವರ್ಗಗಳಿಗೆ ಚೆಕ್‌ಬಾಕ್ಸ್‌ಗಳೇ ಲೇಸು, ಅವನ್ನು ಫೀಲ್ಡ್‌ಸೆಟ್ ಒಳಗಿಟ್ಟು ಲೆಜೆಂಡ್ ಬರೆಯಿರಿ. ಪ್ಲೇಸ್‌ಹೋಲ್ಡರ್ ಲೇಬಲ್ ಆಗುವುದಿಲ್ಲ, ಟೈಪ್ ಮಾಡಿದ ಕೂಡಲೇ ಮಾಯವಾಗುತ್ತದೆ. ಎಷ್ಟು ದಾಖಲೆ ಸಿಕ್ಕವು ಎಂಬ ಸಾಲಿಗೆ ಏರಿಯಾ-ಲೈವ್ (aria-live) ಆಟ್ರಿಬ್ಯೂಟನ್ನು ಪೊಲೈಟ್ ಎಂದು ಹಾಕಿದರೆ ಸ್ಕ್ರೀನ್ ರೀಡರ್ ಬಳಸುವವರಿಗೂ ಫಿಲ್ಟರ್ ಕೆಲಸ ಮಾಡಿದ್ದು ಗೊತ್ತಾಗುತ್ತದೆ. ಚಾರ್ಟ್ ಕ್ಯಾನ್ವಾಸಿನಲ್ಲಿರುವುದರಿಂದ ಅವರಿಗೆ ಬೇರೆ ಸುಳಿವಿಲ್ಲ.

---

ಕೋಷ್ಟಕ

ನಲ್‌ನದ್ದೇ ಆಗಿತ್ತು, ಈಗ ಮೊತ್ತ ತಾಳೆಯಾಗುತ್ತಿದೆ. ಕೊನೆಯದಾಗಿ: ‘ಮೊದಲಿನಂತೆ ಮಾಡು’ ಬಟನ್ ಒತ್ತಿದರೆ ಫಾರ್ಮ್ ಸರಿಹೋಗುತ್ತದೆ, ಚಾರ್ಟ್ ಬದಲಾಗುವುದಿಲ್ಲ. ರೀಸೆಟ್ ಈವೆಂಟ್ ಕೇಳಿದರೂ ಹಳೆಯ ಬೆಲೆಗಳೇ ಸಿಗುತ್ತಿವೆ.

---

ಮುಂಬಾಗಿಲು

ರೀಸೆಟ್ ಈವೆಂಟ್ ಬರುವುದು ಬೆಲೆಗಳು ಮರಳುವ ಮುಂಚೆ, ಇನ್‌ಪುಟ್‌ಗಳಿಗೆ ಚೇಂಜ್ ಈವೆಂಟೂ ಬರುವುದಿಲ್ಲ. ಸೊನ್ನೆ ಮಿಲಿಸೆಕೆಂಡಿನ ಸೆಟ್‌ಟೈಮ್‌ಔಟ್ ಒಳಗೆ ಫಾರ್ಮ್ ಓದಿದರೆ ಹೊಸ ಬೆಲೆ ಸಿಗುತ್ತದೆ. ಇನ್ನೊಂದು ಗಮನಿಸಿ: ರೀಸೆಟ್ ಹೋಗುವುದು ಎಚ್‌ಟಿಎಂಎಲ್‌ನಲ್ಲಿ ಬರೆದ ಮೂಲ ಬೆಲೆಗಳಿಗೆ. ದಿನಾಂಕದ ಮೂಲ ಬೆಲೆಯನ್ನು ನೀವು ಕೋಡಿನಿಂದ ವ್ಯಾಲ್ಯೂ ಆಗಿ ಇಟ್ಟಿದ್ದರೆ ಅದು ಖಾಲಿಯಾಗುತ್ತದೆ, ಡಿಫಾಲ್ಟ್‌ವ್ಯಾಲ್ಯೂ ಆಗಿ ಇಡಬೇಕು. ನಿಮ್ಮಲ್ಲಿ ಸ್ಟೇಟ್ ಆಬ್ಜೆಕ್ಟ್ ಈಗ ಇದೆಯಲ್ಲ, ರೀಸೆಟ್ ಬಟನ್ ತೆಗೆದು ಬಟನ್ ಟೈಪಿನದು ಹಾಕಿ. ಒತ್ತಿದಾಗ ಮೂಲ ಸ್ಟೇಟ್‌ನಿಂದ ಫಾರ್ಮ್ ತುಂಬುವ ಅದೇ ಫಂಕ್ಷನ್ ಕರೆಯಿರಿ. ಶಾಖೆಯ ಪಟ್ಟಿಯೂ ಆಗ ಸರಿಯಾಗಿ ಮರಳಿ ತುಂಬಿಕೊಳ್ಳುತ್ತದೆ.